ಕೈಗುಣ ನಂಬಿದ ಊರಿಗೆ ತಪಾಸಣೆ ಬಂದ ಮೇಲೆ

ಬಸ್ತಿಹಳ್ಳಿಯವರು ಜ್ವರ, ಕೆಮ್ಮು ಅಂತ ಹೋಗುವುದು ಆಗಲೂ ಈಗಲೂ ಹಳೇಬೀಡಿಗೇ. ಜೋರಾದರೆ ಬೇಲೂರು, ಕೈಮೀರಿದರೆ ಹಾಸನ. ದಾರಿ ಅದೇ, ಡಾಕ್ಟರ ಕೋಣೆ ಮಾತ್ರ ಅದೇ ಅಲ್ಲ. ಎಂಬತ್ತರ ದಶಕದವರೆಗೂ ನಮ್ಮ ಕಡೆ ಕ್ಲಿನಿಕ್ ಎಂದರೆ ಒಂದು ಮೇಜು, ಪರದೆಯ ಹಿಂದೆ ಮಂಚ, ಒಳಗೊಬ್ಬ ಕಾಂಪೌಂಡರ್. ಅವನ ಪಕ್ಕದ ಸ್ಟೌ ಮೇಲೆ ಉದ್ದನೆಯ ಸ್ಟೀಲ್ ಪೆಟ್ಟಿಗೆ. ಅದರಲ್ಲಿ ಕುದಿಯುವ ನೀರಿಗೆ ಗಾಜಿನ ಸಿರಿಂಜುಗಳು ಒಂದಕ್ಕೊಂದು ತಾಗಿ ಟಣಟಣ ಎನ್ನುತ್ತಿದ್ದವು. ಇಕ್ಕಳದಲ್ಲಿ ಒಂದನ್ನು ಎತ್ತಿ, ಸೂಜಿ ಸಿಕ್ಕಿಸಿ, ಚುಚ್ಚಿ, ಮತ್ತೆ ಅದೇ ನೀರಿಗೆ ಹಾಕುವುದು. ಮುಂದಿನ ರೋಗಿಯ ಸರದಿ ಬರುವಷ್ಟರಲ್ಲಿ ಅದು ಎಷ್ಟು ನಿಮಿಷ ಕುದಿದಿತ್ತು ಎಂದು ಕೇಳುವವರಿರಲಿಲ್ಲ. ಡಾಕ್ಟರ ಕೈಗುಣ ಚೆನ್ನಾಗಿದೆ ಎಂಬ ಮಾತೊಂದೇ ಆಗಿನ ಪರೀಕ್ಷೆ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅರ್ಧ ರಾತ್ರಿಯಲ್ಲಿ ಬಾಗಿಲು ತಟ್ಟಿದರೂ ಎದ್ದು ಬಂದ, ದುಡ್ಡಿಲ್ಲದಿದ್ದರೆ ಸುಗ್ಗಿಯವರೆಗೆ ಕಾದ ವೈದ್ಯರ ಮೇಲೆ ಬೆಳೆದ ನಂಬಿಕೆ ಅದು. ಆದರೆ ರೋಗ ವಾಸಿಯಾದದ್ದು ಜನರಿಗೆ ಕಾಣುತ್ತಿತ್ತು. ಸೂಜಿಯಿಂದ ಮೈಗೆ ಹೊಕ್ಕಿದ ಕಾಮಾಲೆ ವರ್ಷಗಳ ನಂತರ ಯಕೃತ್ತಿನಲ್ಲಿ ತಲೆ ಎತ್ತಿದಾಗ ಅದಕ್ಕೂ ಆ ಇಂಜೆಕ್ಷನ್ನಿಗೂ ನಂಟು ಹಚ್ಚುವವರು ಯಾರು?

ಕಾನೂನು ಈ ಕೋಣೆಗೆ ಬಂದದ್ದು ತಡವಾಗಿ. 1976ರಲ್ಲೇ ರಾಜ್ಯದಲ್ಲಿ ಒಂದು ಕಾಯ್ದೆ ಇತ್ತು, ಆದರೆ ಅದು ಹೆಸರೇ ಹೇಳುವಂತೆ ಖಾಸಗಿ ನರ್ಸಿಂಗ್ ಹೋಮುಗಳದ್ದು. ಹಾಸಿಗೆಯಿಲ್ಲದ ಸಣ್ಣ ಕ್ಲಿನಿಕ್ಕನ್ನೂ ನೋಂದಣಿಯ ಕಟ್ಟಿಗೆ ತಂದದ್ದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರ ಬಾಯಲ್ಲಿ ಕೆಪಿಎಂಇ. ಅಷ್ಟರಲ್ಲಿ 1998ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಬಂದಿದ್ದವು. 2016ರಲ್ಲಿ ಅವು ಹೊಸದಾದವು. ಹಳದಿ, ಕೆಂಪು, ನೀಲಿ, ಬಿಳಿ ಡಬ್ಬಗಳು ಮೇಜಿನ ಕೆಳಗೆ ಸಾಲಾಗಿ ಕುಳಿತವು. ಬಳಸಿ ಬಿಸಾಡುವ ಸಿರಿಂಜು ಅದಕ್ಕೂ ಮೊದಲೇ ಬಂದು ಸ್ಟೀಲ್ ಪೆಟ್ಟಿಗೆಯನ್ನು ಅಟ್ಟಕ್ಕೆ ಕಳಿಸಿತ್ತು. ಇವೆಲ್ಲ ನಿಜವಾದ ಲಾಭಗಳು. ಆದರೂ ಖಾಸಗಿ ಕ್ಲಿನಿಕ್ಕಿನಲ್ಲಿ ತಪಾಸಣೆ ಬಹುಮಟ್ಟಿಗೆ ಕಾಗದದ ಬಳಿಯೇ ನಿಂತುಬಿಟ್ಟಿದೆ ಎಂಬುದು ನನ್ನ ತಕರಾರು. ಪ್ರಮಾಣಪತ್ರ ಇದೆಯೇ, ಬೋರ್ಡು ಇದೆಯೇ, ತ್ಯಾಜ್ಯ ಒಯ್ಯುವವರ ರಸೀದಿ ಇದೆಯೇ? ನಕಲಿ ವೈದ್ಯರನ್ನು ಹಿಡಿಯಲು ಇಷ್ಟು ಸಾಕು, ಅಸಲಿ ವೈದ್ಯರ ಕೋಣೆ ಸುರಕ್ಷಿತವೋ ಎಂದು ತಿಳಿಯಲು ಸಾಲದು.

ಸಾಲುವ ಕ್ರಮ ಯಾವುದೆಂದು ಹುಡುಕಲು ದೂರ ಹೋಗಬೇಕಿಲ್ಲ, ಸರ್ಕಾರಿ ಆಸ್ಪತ್ರೆಗಳಲ್ಲೇ ಇದೆ. 2013ರಲ್ಲಿ ರೂಪುಗೊಂಡ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು, ಆರೋಗ್ಯ ಇಲಾಖೆಯವರ ಮಾತಿನಲ್ಲಿ ಎನ್‌ಕ್ವಾಸ್, ಈಗ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಇಳಿದಿವೆ. ಅಲ್ಲಿ ಪ್ರತಿ ಅಂಶಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಅಂಕ ಕೊಡಲು ದಾಖಲೆ ತಿರುವುವುದು ನಾಲ್ಕರಲ್ಲಿ ಒಂದು ದಾರಿ ಮಾತ್ರ. ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ರೋಗಿಯನ್ನು ಕೇಳುವುದು ಉಳಿದ ಮೂರು. ನೆಲ ಒರೆಸುವ ಆಯಾಳನ್ನು ನಿಲ್ಲಿಸಿ, ರಕ್ತ ಚೆಲ್ಲಿದರೆ ಏನು ಮಾಡುತ್ತೀಯಮ್ಮ ಎಂದು ಕೇಳುತ್ತಾರೆ. ಹೈಪೋಕ್ಲೋರೈಟ್ ದ್ರಾವಣ ಎಷ್ಟು ಬೆರೆಸುತ್ತೀ, ಎಷ್ಟು ಹೊತ್ತು ಬಿಡುತ್ತೀ? ಅವಳು ತಡವರಿಸದೆ ಹೇಳಿದರೆ, ಆ ಆಸ್ಪತ್ರೆಯ ಗೋಡೆಗೆ ಅಂಟಿಸಿದ ಚಾರ್ಟು ಬರೀ ಅಲಂಕಾರವಲ್ಲ ಎಂದರ್ಥ. ಲಸಿಕೆಯ ಪೆಟ್ಟಿಗೆ ಎರಡರಿಂದ ಎಂಟು ಡಿಗ್ರಿಯೊಳಗೆ ಇದೆಯೇ ಎಂದು ದಿನಕ್ಕೆ ಎರಡು ಸಲ ಬರೆದ ಪುಸ್ತಕವಿರುತ್ತದೆ. ಪುಸ್ತಕ ನೋಡಿದ ಮೇಲೆ ಮುಚ್ಚಳ ತೆಗೆದು ಥರ್ಮಾಮೀಟರನ್ನೂ ನೋಡಬೇಕು. ತುರ್ತು ಔಷಧಿಯ ತಟ್ಟೆಯಲ್ಲಿ ಅಡ್ರಿನಲಿನ್ ಇದ್ದರೆ ಸಾಲದು, ಅದರ ಅವಧಿ ಮುಗಿದಿರಬಾರದು. ಒಂದು ಇಂಜೆಕ್ಷನ್ನಿಗೆ ರೋಗಿಯ ಮೈ ಒಗ್ಗದೆ ಉಸಿರು ಕಟ್ಟಿದ ಗಳಿಗೆಯಲ್ಲಿ ಬದುಕಿಗೂ ಸಾವಿಗೂ ನಡುವೆ ಇರುವುದು ಆ ಪುಟ್ಟ ಗಾಜಿನ ಕೊಳವೆ. ನೂರಕ್ಕೆ 70 ದಾಟಿದವರಿಗೆ ಸಿಗುವ ಪ್ರಮಾಣಪತ್ರವೂ ಕಾಯಂ ಅಲ್ಲ, ಮೂರು ವರ್ಷದ್ದು.

ಈ ಕಣ್ಣು ಖಾಸಗಿ ಕ್ಲಿನಿಕ್ಕಿನ ಮೇಲೂ ಬೀಳಲಿ ಎಂದರೆ ವೈದ್ಯರು ಮುನಿಸಿಕೊಳ್ಳುವುದುಂಟು. 2017ರ ನವೆಂಬರಿನಲ್ಲಿ, ಕೆಪಿಎಂಇ ತಿದ್ದುಪಡಿಯ ಕಾಲಕ್ಕೆ, ರಾಜ್ಯದ ಖಾಸಗಿ ಆಸ್ಪತ್ರೆಗಳು ಬಾಗಿಲು ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಜೈಲು ಶಿಕ್ಷೆಯ ಭಯ, ದರ ನಿಗದಿಯ ಭಯ, ಅಧಿಕಾರಿಗಳ ಕಿರುಕುಳದ ಭಯ. ಇವುಗಳಲ್ಲಿ ಕೊನೆಯದು ಸುಳ್ಳಲ್ಲ. ಒಬ್ಬರೇ ನಡೆಸುವ ಹಳ್ಳಿಯ ಕ್ಲಿನಿಕ್ಕಿಗೆ ದೊಡ್ಡ ಆಸ್ಪತ್ರೆಯ ಷರತ್ತು ಹೇರಿದರೆ ಅದು ಮುಚ್ಚುತ್ತದೆ, ಮುಚ್ಚಿದ ಜಾಗಕ್ಕೆ ಬರುವವನು ನಕಲಿ ವೈದ್ಯ. ಹಾಗಾಗಿ ಷರತ್ತು ಕೋಣೆಯ ಅಳತೆಗೆ ತಕ್ಕಂತಿರಲಿ. ಆದರೆ ಸೂಜಿ, ಔಷಧಿ, ಕೈತೊಳೆತ, ತ್ಯಾಜ್ಯ, ಈ ನಾಲ್ಕರಲ್ಲಿ ರಿಯಾಯಿತಿ ಕೇಳುವ ಹಕ್ಕು ಯಾರಿಗೂ ಇಲ್ಲ. ಓದಿದ ವೈದ್ಯರಿಗೆ ಇದನ್ನೆಲ್ಲ ಹೇಳಿಕೊಡಬೇಕೇ ಎನ್ನುವವರು 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಆದದ್ದನ್ನು ನೆನೆಯಬೇಕು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಸಿಕ್ಕಿಬಿದ್ದವರಲ್ಲಿ ಪದವೀಧರ ವೈದ್ಯರೂ ಇದ್ದರು. ಅದಕ್ಕೂ ಕೆಲವು ವರ್ಷ ಮೊದಲು ದೇಶದಾದ್ಯಂತ ನಡೆದ ಸಮೀಕ್ಷೆಯೊಂದು ಇಂಜೆಕ್ಷನ್ನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಸುರಕ್ಷಿತ ಎಂದು ಕಂಡುಕೊಂಡಿತ್ತು. ಪದವಿ ಜ್ಞಾನಕ್ಕೆ ಸಾಕ್ಷಿ; ದಿನನಿತ್ಯದ ಅಭ್ಯಾಸಕ್ಕೆ ಸಾಕ್ಷಿ ಬೇರೆಯೇ ಬೇಕು.

ತಪಾಸಣೆಯೂ ನಾಟಕವಾಗುತ್ತದಲ್ಲ, ತಂಡ ಬರುವ ದಿನ ಸುಣ್ಣ ಬಳಿದು ಹೊಸ ಡಬ್ಬ ತಂದಿಟ್ಟರೆ ಮುಗಿಯಿತಲ್ಲ ಎನ್ನುವುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಇಂಗ್ಲೆಂಡಿನ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಕೇರ್ ಕ್ವಾಲಿಟಿ ಕಮಿಷನ್ ಊರಿನ ಸಾಮಾನ್ಯ ವೈದ್ಯರ ಕ್ಲಿನಿಕ್ಕುಗಳನ್ನೂ ನೋಡಿ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. 2015ರಿಂದ ಆ ದರ್ಜೆಯನ್ನು ರೋಗಿಗಳ ಕಣ್ಣಿಗೆ ಬೀಳುವಂತೆ ಹಾಕಲೇಬೇಕು. ಅದೂ ಎಡವಿತು. 2024ರ ಪೆನ್ನಿ ಡ್ಯಾಶ್ ವರದಿ, ಎಷ್ಟೋ ಸಂಸ್ಥೆಗಳ ದರ್ಜೆ ವರ್ಷಗಟ್ಟಲೆ ಹಳೆಯದಾಗಿ ಕೂತಿದೆ ಎಂದು ಬಯಲು ಮಾಡಿತು. ಹಾಗಂತ ಆ ಪದ್ಧತಿಯನ್ನೇ ಕೈಬಿಡಬೇಕಿಲ್ಲ. ನಮ್ಮಲ್ಲಿ ಕ್ಲಿನಿಕ್ಕಿನ ಬೋರ್ಡಿನಲ್ಲಿ ನೋಂದಣಿ ಸಂಖ್ಯೆಯ ಪಕ್ಕದಲ್ಲೇ ಕೊನೆಯ ತಪಾಸಣೆ ಯಾವತ್ತು ಆಯಿತು, ಏನು ಕೊರತೆ ಕಂಡಿತು, ಅದು ಸರಿಹೋಯಿತೇ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಬೇಕು, ತಂಡ ಹೇಳದೆ ಕೇಳದೆ ಬರಬೇಕು. ಹಳ್ಳಿಯವರು ಇದನ್ನೆಲ್ಲ ಎಲ್ಲಿ ಓದುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಾತ್ರೆಯ ಪಟ್ಟಿ ತಿರುಗಿಸಿ ಅವಧಿಯ ತಾರೀಕು ನೋಡುವ ಹೈಸ್ಕೂಲು ಹುಡುಗಿಯರು ಇವತ್ತು ಮನೆಮನೆಯಲ್ಲಿದ್ದಾರೆ, ಪ್ರತಿ ಊರಿಗೂ ಆಶಾ ಕಾರ್ಯಕರ್ತೆ ಇದ್ದಾಳೆ. ಓದಲು ಬಾರದ ಅಜ್ಜಿಯೂ ತನ್ನ ತೋಳಿಗೆ ಇಳಿಯುವ ಸಿರಿಂಜಿನ ಪೊಟ್ಟಣವನ್ನು ತನ್ನೆದುರೇ ಹರಿಯಿರಿ ಎಂದು ಡಾಕ್ಟರಿಗೆ ಹೇಳಬಲ್ಲಳು, ಹಾಗೆ ಹೇಳುವುದು ಅವಳ ಹಕ್ಕು ಎಂದು ಅದೇ ಬೋರ್ಡಿನ ಕೆಳಗೆ ಬರೆದಿದೆ ಎಂದು ಯಾರಾದರೂ ಓದಿ ತಿಳಿಸಿದರೆ.