ಹಳೆಯ ಮದರಾಸು ರಸ್ತೆಯಲ್ಲಿ ಒಂದು ಬೈಸಿಕಲ್ಲು

ಮೂಡಣ ದಿಕ್ಕಿನಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ. ಆದರೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮುಂದೆ ಆಗಲೇ ಹಗಲು. ತರಕಾರಿಯ ಮೂಟೆಗಳು ಲಾರಿಯಿಂದ ಇಳಿಯುತ್ತವೆ. ಹೂವಿನ ರಾಶಿಗೆ ನೀರು ಚಿಮುಕಿಸುವವರ ಕೈ ಬಿಡುವಿಲ್ಲದೆ ಆಡುತ್ತದೆ. ಚಹದ ಅಂಗಡಿಯ ಹಬೆ ದೀಪದ ಬೆಳಕಿನಲ್ಲಿ ಸುತ್ತಿಕೊಂಡು ಮೇಲೇರುತ್ತದೆ. ರಾತ್ರಿಯೆಲ್ಲ ದಂಡಿನ ಯಾವುದೋ ಮಳಿಗೆಯ ಬಾಗಿಲು ಕಾದ ಕಾವಲುಗಾರನೊಬ್ಬ ಇಲ್ಲಿ ಎರಡು ಕಂತೆ ಸೊಪ್ಪು ಕೊಂಡು, ಊಟದ ಡಬ್ಬಿಯ ಜೊತೆಗೆ ಅದನ್ನೂ ಕ್ಯಾರಿಯರಿಗೆ ಸಿಕ್ಕಿಸಿ, ಬೈಸಿಕಲ್ಲನ್ನೇರುತ್ತಾನೆ. ಅವನ ಮನೆ ಕೃಷ್ಣರಾಜಪುರದಾಚೆ. ಸೇತುವೆಯವರೆಗಿನ ದಾರಿಯೇ ಸುಮಾರು 10 ಕಿಲೋಮೀಟರು.

ಇಂಥವರ ಸಂಖ್ಯೆ ಈ ನಗರದಲ್ಲಿ ಕಡಿಮೆಯಿಲ್ಲ. ಪತ್ರಿಕೆ ಹಂಚುವ ಹುಡುಗ, ಫ್ಲಾಸ್ಕಿನಲ್ಲಿ ಚಹ ಮಾರುವವನು, ಕಟ್ಟಡದ ಕೆಲಸಕ್ಕೆ ಹೋಗುವವನು — ಇವರಾರೂ ವಿನೋದಕ್ಕಾಗಿ ಬೈಸಿಕಲ್ಲನ್ನು ತುಳಿಯುವವರಲ್ಲ. ಊರು ಕಣ್ಣು ತೆರೆಯುವ ಮೊದಲೇ ಇವರು ರಸ್ತೆಗಿಳಿಯುತ್ತಾರೆ; ಆದುದರಿಂದಲೇ ಊರಿನ ಕಣ್ಣಿಗೆ ಬೀಳುವುದಿಲ್ಲ. ಕೆಲವೊಮ್ಮೆ ಮೋಟಾರು ನಡೆಸುವವರ ಕಣ್ಣಿಗೂ ಬೀಳುವುದಿಲ್ಲ. ದುರಂತ ಅಲ್ಲಿಂದಲೇ ಆರಂಭ.

ದಂಡಿನ ಬೀದಿಗಳು

1809ರಲ್ಲಿ ಬ್ರಿಟಿಷರು ಇಲ್ಲಿ ದಂಡಿನ ನೆಲೆಯನ್ನು ಸ್ಥಾಪಿಸಿದಾಗ ರಸ್ತೆಗಳ ಮೇಲೆ ಸಾಗುತ್ತಿದ್ದುದು ಕುದುರೆ, ಎತ್ತಿನ ಗಾಡಿ ಮತ್ತು ಕಾಲ್ನಡೆಯ ಜನ. 1949ರಲ್ಲಿ ದಂಡೂ ಪೇಟೆಯೂ ಒಂದೇ ನಗರಸಭೆಯ ಆಡಳಿತಕ್ಕೆ ಬಂದವು. ಆ ಬೀದಿಗಳ ಅಗಲ ಮಾತ್ರ ಎಷ್ಟೋ ಕಡೆ ಹಳೆಯದೇ. ಎರಡು ಪಕ್ಕಗಳಲ್ಲೂ ಕಾರುಗಳು ನಿಂತಿರುವಾಗ ಉಳಿಯುವ ಓಣಿಯಲ್ಲಿ ಬಸ್ಸು, ಆಟೋ, ಬೈಸಿಕಲ್ಲು ಎಲ್ಲವೂ ಹಾಯಬೇಕು.

ಇಲ್ಲಿಯ ಅಪಾಯ ಓಡುವ ವಾಹನದಿಂದಲೇ ಬರಬೇಕೆಂದೇನೂ ಇಲ್ಲ. ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದರೆ ಸಾಕು, ಸವಾರ ರಸ್ತೆಯ ನಡುವಿಗೆ ಉರುಳುತ್ತಾನೆ. ಹಿಂದೆ ಬರುವ ವಾಹನಕ್ಕೆ ನಿಲ್ಲಲು ಅವಕಾಶವಿರುವುದಿಲ್ಲ. ಕಾರು ನಡೆಸುವವರು ಬಲಗೈಯ ಬದಲು ಎಡಗೈಯಿಂದ ಬಾಗಿಲನ್ನು ತೆರೆಯುವ ಅಭ್ಯಾಸ ಮಾಡಿಕೊಂಡರೆ ಮೈ ತಾನಾಗಿ ಹೊರಳಿ, ದೃಷ್ಟಿ ಹಿಂದಕ್ಕೆ ಹರಿಯುತ್ತದೆ. ಕಾಸಿನ ಖರ್ಚಿಲ್ಲದ ಈ ಅಭ್ಯಾಸ ಒಂದು ಜೀವವನ್ನು ಉಳಿಸಬಲ್ಲುದು. ಸವಾರನೂ ಸಾಲಾಗಿ ನಿಂತ ಕಾರುಗಳಿಂದ ಬಾಗಿಲಿನಷ್ಟು ದೂರ ಬಿಟ್ಟು ಸಾಗುವುದು ಜಾಣತನ.

ಕೆರೆಯಿಂದ ಹೆದ್ದಾರಿಗೆ

ಹಲಸೂರು ಕೆರೆಯ ಬಳಿ ಗಾಳಿ ತಣ್ಣಗೆ ಬೀಸುತ್ತದೆ. ಒಂದು ಕಡೆ ಮದರಾಸು ಸ್ಯಾಪರ್ಸ್ ಪಡೆಯ ಮರಗಳು ದಟ್ಟವಾಗಿ ನಿಂತಿವೆ. ಸ್ವಲ್ಪ ದೂರದಲ್ಲಿ ಸೋಮೇಶ್ವರನ ಪ್ರಾಚೀನ ದೇವಾಲಯ. ನೋಡಲು ರಮಣೀಯವಾದ ಈ ನಸುಕೇ ಸವಾರನಿಗೆ ಕಠಿಣ ಸಮಯ. ಮರದ ನೆರಳಿನಲ್ಲಿ ಬೀದಿದೀಪದ ಬೆಳಕು ತುಂಡುತುಂಡಾಗಿ ಬಿದ್ದಿರುತ್ತದೆ. ಖಾಲಿ ರಸ್ತೆಯನ್ನು ಕಂಡ ಚಾಲಕನ ಕಾಲು ವೇಗದ ಪೆಡಲನ್ನು ಒತ್ತುತ್ತದೆ. ಹಿಂದೆ ದೀಪವಿಲ್ಲದ ಬೈಸಿಕಲ್ಲಿನವರನ್ನು ಪೋಲೀಸಿನವರು ತಡೆದು ನಿಲ್ಲಿಸುತ್ತಿದ್ದ ಕಾಲವೊಂದಿತ್ತು; ಡೈನಮೋ ಕೆಟ್ಟವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಆ ಶಿಸ್ತನ್ನು ಇಂದು ನಗುತ್ತ ನೆನೆಯುವವರುಂಟು. ಆದರೆ ಮುಂದೊಂದು ಬಿಳಿಯ ದೀಪ, ಹಿಂದೊಂದು ಕೆಂಪು ದೀಪ, ಮೈಮೇಲೆ ತಿಳಿಬಣ್ಣದ ಅಂಗಿ — ಇವುಗಳಷ್ಟು ಅಗ್ಗವಾದ ರಕ್ಷೆ ಬೇರೊಂದಿಲ್ಲ.

ಹಲಸೂರು ದಾಟಿದರೆ ಹಳೆಯ ಮದರಾಸು ರಸ್ತೆ. ಇದೇ ರಸ್ತೆ ಒಂದು ಕಾಲಕ್ಕೆ ಬೈಸಿಕಲ್ಲಿನದಾಗಿತ್ತು. 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯೂ, 1956ರಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಯೂ ಸ್ಥಾಪನೆಯಾದವು. ಪಾಳಿ ಬಿಟ್ಟೊಡನೆ ಹೊರಬೀಳುತ್ತಿದ್ದ ಬೈಸಿಕಲ್ಲುಗಳ ಸಾಲಿಗೆ ಬಸ್ಸೇ ದಾರಿ ಬಿಡಬೇಕಾಗುತ್ತಿತ್ತು. ಗುಂಪಿನಲ್ಲಿ ಸಾಗುವ ಸವಾರನನ್ನು ಎಲ್ಲರೂ ಕಾಣುತ್ತಾರೆ. ಒಂಟಿ ಸವಾರನನ್ನು ಕಾಣುವವರು ವಿರಳ. ಎನ್.ಜಿ.ಇ.ಎಫ್. ಈಗ ಇಲ್ಲ. ಆ ಸಾಲೂ ಇಲ್ಲ. ಮೇಲೆ 2011ರಿಂದ ಮೆಟ್ರೋ ರೈಲು ಓಡುತ್ತಿದೆ. ಕೆಳಗೆ ಅದರ ಕಂಬಗಳ ನೆರಳಿನಲ್ಲಿ ನಮ್ಮ ಕಾವಲುಗಾರ ಒಬ್ಬನೇ ಪೆಡಲ್ ತುಳಿಯುತ್ತಾನೆ.

ಆನೆ ನಡೆದದ್ದೇ ದಾರಿ

ಬಲಗಡೆ ಇಂದಿರಾನಗರ. ನೂರಡಿ ರಸ್ತೆಯ ಅಗಲವನ್ನು ಕಂಡು ಹೆಮ್ಮೆಪಡುವವರು ಒಂದು ಲೆಕ್ಕವನ್ನು ಮರೆಯಬಾರದು. ವಾಹನದ ವೇಗ 30 ಕಿಲೋಮೀಟರಿನಿಂದ 60ಕ್ಕೆ ಏರಿದರೆ ಅದರ ಹೊಡೆತದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮೂಳೆ ಮುರಿದು ಬದುಕುವವನಿಗೂ ಬದುಕದವನಿಗೂ ನಡುವಿನ ಅಂತರ ಎಷ್ಟೋ ಸಲ ಇಷ್ಟೇ.

ಮುಂದೆ ಟಿನ್ ಫ್ಯಾಕ್ಟರಿ. ಹೊರವರ್ತುಲ ರಸ್ತೆ ಬಂದು ಸೇರುವ ಈ ಕೂಡಲಿನಲ್ಲಿ ‘ಆನೆ ನಡೆದದ್ದೇ ದಾರಿ’ ಎಂಬ ಗಾದೆಗೆ ಅರ್ಥ ಹೇಳಬೇಕಾಗಿಲ್ಲ. ಲಾರಿ, ಟ್ಯಾಂಕರು, ಬಸ್ಸು ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನದರ ಜಾಡು ಬಿಟ್ಟು ಒಳಕ್ಕೆ ಸರಿಯುತ್ತದೆ. ಆ ಎಡಮಗ್ಗುಲಲ್ಲಿ ನುಸುಳಿದ ಬೈಸಿಕಲ್ಲು ಎತ್ತರದಲ್ಲಿ ಕುಳಿತ ಚಾಲಕನ ಕನ್ನಡಿಗೂ ಸಿಗದಿರಬಹುದು. ಲಾರಿಯ ಎಡಕ್ಕೆ ನುಗ್ಗದೆ ಅದರ ಹಿಂದೆಯೇ ನಿಲ್ಲುವುದು, ಕೂಡಲಿನಲ್ಲಿ ಇಳಿದು ತಳ್ಳಿಕೊಂಡು ದಾಟುವುದು — ಇವು ಹೇಡಿತನವಲ್ಲ. ನಮ್ಮ ಕಾವಲುಗಾರ ಇಳಿದೇ ದಾಟುತ್ತಾನೆ. ಹಿಂದಿನಿಂದ ಹಾರನ್ ಕೇಳಿದರೂ ಅವಸರಪಡುವುದಿಲ್ಲ.

ಆದರೆ ಜಾಗರೂಕತೆಯ ಭಾರವನ್ನೆಲ್ಲ ಬಡಸವಾರನ ಹೆಗಲಿಗೇರಿಸುವುದು ನ್ಯಾಯವೇ? 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ಬೈಸಿಕಲ್ಲಿನವರೇ 4,000ಕ್ಕೂ ಹೆಚ್ಚು. ನೆದರ್ಲೆಂಡ್ಸ್ ದೇಶವನ್ನು ಇಂದು ಬೈಸಿಕಲ್ಲಿನ ಸ್ವರ್ಗವೆನ್ನುತ್ತಾರೆ. ಅಲ್ಲಿಯೂ 1971ರಲ್ಲಿ 3,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಂದಿರು ಬೀದಿಗಿಳಿದ ಮೇಲೆ ಆ ದೇಶ ರಸ್ತೆಗಳನ್ನೇ ಬೇರೆ ಬಗೆಯಲ್ಲಿ ಕಟ್ಟತೊಡಗಿತು. ಇಲ್ಲಿಯೂ 2020ರಲ್ಲಿ ಹೊರವರ್ತುಲ ರಸ್ತೆಯ ಬದಿಯಲ್ಲಿ ಕಂಬಗಳನ್ನು ನಿಲ್ಲಿಸಿ ಬೈಸಿಕಲ್ಲಿಗೊಂದು ಓಣಿಯನ್ನು ಗುರುತಿಸಿದ್ದುಂಟು. ಅದರೊಳಕ್ಕೆ ಮೋಟಾರು ಸೈಕಲ್ಲುಗಳು ನುಗ್ಗಿದವು. ಮೆಟ್ರೋ ಕಾಮಗಾರಿಯ ನಡುವೆ ಬಹುಭಾಗ ಅಳಿಸಿಹೋಯಿತು. ಬಳಿದ ಗೆರೆಯನ್ನು ಕಾಯುವ ಮನಸ್ಸಿಲ್ಲದಿದ್ದರೆ ಗೆರೆ ಬರಿಯ ಬಣ್ಣ.

ಬಿದ್ದವನನ್ನು ಎತ್ತಲು ‘ಸಾಕ್ಷಿಗೆ ಅಲೆಸುತ್ತಾರೆ’ ಎಂದು ಹಿಂಜರಿಯುವವರು ಇನ್ನೂ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಪ್ರಕರಣ, ಸದ್ಭಾವದಿಂದ ನೆರವಾದವನನ್ನು ಹೊಣೆಯಿಂದ ರಕ್ಷಿಸುತ್ತದೆ. ತನ್ನ ಹೆಸರನ್ನು ಹೇಳಬೇಕೆಂಬ ಬಲವಂತವೂ ಅವನ ಮೇಲಿಲ್ಲ. ಮೊದಲು ಎತ್ತುವ ಕೈ ಹಿಂಜರಿಯಬೇಕಾದ ಕಾರಣವಿಲ್ಲ.

ಅಷ್ಟರಲ್ಲಿ ಬೆಳಕು ಹರಿಯುತ್ತದೆ. ಕೃಷ್ಣರಾಜಪುರದ ತೂಗುಸೇತುವೆಯ ಹೊರಜಿಗಳ ಮೇಲೆ ಬಿಸಿಲು ಹೊಳೆಯುತ್ತದೆ. ಕೆಳಗೆ ರೈಲೊಂದು ಸದ್ದು ಮಾಡುತ್ತ ಸಾಗುತ್ತದೆ. ಸೇತುವೆಯ ಏರಿನಲ್ಲಿ ಉಸಿರು ಕಟ್ಟಿದಂತಾಗಿ ಸವಾರ ನಿಧಾನವಾಗುತ್ತಾನೆ. ಹಿಂದೆ ಬಂದ ಕಾರೊಂದು ಹಾರನ್ ಒತ್ತದೆ, ವೇಗ ತಗ್ಗಿಸಿ, ಒಂದು ಮಾರು ಜಾಗ ಬಿಟ್ಟು ದಾಟಿಹೋಗುತ್ತದೆ. ಅದರ ಚಾಲಕ ಕಳೆದುಕೊಂಡದ್ದು ಬಹುಶಃ ಐದು ನಿಮಿಷಗಳೂ ಅಲ್ಲ, ಐದು ಕ್ಷಣಗಳು. ಅಷ್ಟಕ್ಕೆ ಪ್ರತಿಯಾಗಿ, ಸೇತುವೆಯಾಚೆಯ ಒಂದು ಗಲ್ಲಿಯಲ್ಲಿ ಬೈಸಿಕಲ್ಲಿನ ಗಂಟೆ ಎಂದಿನ ಹೊತ್ತಿಗೆ ಬಾರಿಸುತ್ತದೆ. ಕಾದಿದ್ದವರು ಎದ್ದು ಬಾಗಿಲನ್ನು ತೆರೆಯುತ್ತಾರೆ.