'ಗಣಶತ್ರು' ನೋಡಿದ ಮೇಲೆ

ಬಂಗಾಳಿ ಬಾರದ ನಾವು ಸತ್ಯಜಿತ್ ರೇ ಅವರ ಚಿತ್ರಗಳನ್ನು ಹಚ್ಚಿಕೊಂಡದ್ದು ಕಣ್ಣಿನಿಂದಲೇ. 'ಅಪರಾಜಿತೋ'ದಲ್ಲಿ ಮಗನ ದಾರಿ ಕಾಯುವ ಸರ್ವಜಯೆಯ ಎದುರು ಮಿಂಚುಹುಳುಗಳು ಹಾರಾಡಿದಾಗ ಆಕೆಯ ಸಾವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. 'ಚಾರುಲತಾ'ದ ಆರಂಭದಲ್ಲಿ ಬೀದಿ ನೋಡುತ್ತಿದ್ದ ದುರ್ಬೀನನ್ನು ಚಾರು ಪಕ್ಕದಲ್ಲೇ ಹಾದುಹೋಗುವ ಗಂಡನತ್ತ ತಿರುಗಿಸುತ್ತಾಳೆ. ಒಂದು ದಾಂಪತ್ಯದ ದೂರವೆಲ್ಲ ಅಲ್ಲಿಯೇ ಅಳೆದಾಗಿರುತ್ತದೆ. ಹೊರನಾಡಿನಲ್ಲಿ ನಾಲ್ಕು ಭಾಷೆಗಳ ನಡುವೆ ಬಾಳುವ ನಮಗೆ ರೇ ಪರಭಾಷಿಕರೆಂದು ಅನಿಸಿದ್ದೇ ಇಲ್ಲ.

'ಗಣಶತ್ರು' (1989) ಮಾತ್ರ ನಮ್ಮನ್ನು ಪರದೆಯ ಕೆಳಗಿನ ಅಕ್ಷರಗಳಿಗೆ ಕಟ್ಟಿಹಾಕಿತು.

ಮೂಲ ಇಬ್ಸೆನ್‌ನ 1882ರ ನಾಟಕ. ಅಲ್ಲಿ ಮಲಿನವಾದದ್ದು ಊರಿನ ಸ್ನಾನಗೃಹಗಳ ನೀರು; ರೇ ಚಿತ್ರದಲ್ಲಿ ಅದು ಬಂಗಾಳದ ಚಂಡೀಪುರ ಎಂಬ ಊರಿನ ದೇವಾಲಯದ ತೀರ್ಥ. ಈ ಬದಲಾವಣೆಯ ಧೈರ್ಯ ದೊಡ್ಡದು. ತೀರ್ಥಕ್ಕೆ ಅಂಗೈ ಒಡ್ಡಿ ಬೆಳೆದ ನಮ್ಮನ್ನು ಅದು ನಡುಗಿಸಬೇಕಿತ್ತು. ನಡುಗಿಸಲಿಲ್ಲ.

1983ರ ಹೃದಯಾಘಾತದ ನಂತರ ವೈದ್ಯರು ಹೊರಾಂಗಣ ಚಿತ್ರೀಕರಣ ಬೇಡವೆಂದಿದ್ದರು, ಆದ್ದರಿಂದ ಚಿತ್ರ ನಾಲ್ಕು ಗೋಡೆಗಳೊಳಗೆ ಸಿಕ್ಕಿಬಿದ್ದಿತು ಎಂದು ಅಭಿಮಾನಿಗಳು ಸಮಜಾಯಿಷಿ ಕೊಡುತ್ತಾರೆ. ನಮಗೆ ಅದು ಸಾಲದು. 'ಚಾರುಲತಾ' ಕೂಡ ಬಹುಪಾಲು ಒಂದೇ ಮನೆಯೊಳಗೆ ನಡೆಯುತ್ತದೆ. ಮಾತು ಹೆಚ್ಚಾಯಿತು ಎನ್ನೋಣವೇ? ಅನಾರೋಗ್ಯದ ಆ ವರ್ಷಗಳಲ್ಲೇ ಬಂದ 'ಆಗಂತುಕ' (1991) ನಿಂತಿರುವುದೇ ಮಾತಿನ ಮೇಲೆ. ಬಂದವನು ನಿಜವಾದ ಸೋದರಮಾವನೋ ಅಲ್ಲವೋ ಎಂಬ ಗುಮಾನಿ ಅಲ್ಲಿ ಪ್ರತಿ ಮಾತಿಗೂ ಜೀವ ತುಂಬುತ್ತದೆ.

'ಗಣಶತ್ರು'ವಿನಲ್ಲಿ ಗುಮಾನಿಗೆ ಎಡೆಯೇ ಇಲ್ಲ. ಇಬ್ಸೆನ್‌ನ ಡಾಕ್ಟರ್ ಸ್ಟಾಕ್‌ಮನ್ ಸತ್ಯವಂತ, ಜೊತೆಗೆ ಅಹಂಕಾರಿ, ದುಡುಕಿನವ; ಆತ ಬಹುಮತವನ್ನು ಹೀಯಾಳಿಸುವಾಗ ಮೆಚ್ಚಬೇಕೋ ಅಂಜಬೇಕೋ ತಿಳಿಯದು. ಸೌಮಿತ್ರ ಚಟರ್ಜಿಯವರ ಡಾಕ್ಟರ್ ಅಶೋಕ್ ಗುಪ್ತ ಮೊದಲಿನಿಂದ ಕೊನೆಯವರೆಗೂ ಬರಿಯ ಸಜ್ಜನ. ಅವರನ್ನು ವಿರೋಧಿಸುವ ತಮ್ಮ ನಿಶೀಥ್ ಕಾಲಿಟ್ಟ ಗಳಿಗೆಯಿಂದಲೇ ಖಳ. ಸೌಮಿತ್ರರಂಥ ನಟನಿಗೆ ಒಳಗಿನ ಬಿರುಕೊಂದನ್ನೂ ಕೊಡದಿರುವುದು ನಮಗೆ ಇಂದಿಗೂ ನುಂಗಲಾಗದ ತುತ್ತು. ಸಭೆಯಲ್ಲಿ ಡಾಕ್ಟರರನ್ನು ನೀವು ಹಿಂದೂವೇ ಎಂದು ಕೇಳಿದಾಗ ಮಾತ್ರ ಚಿತ್ರ ತಟ್ಟನೆ ಉಸಿರಾಡುತ್ತದೆ. ಆ ಒಂದು ಪ್ರಶ್ನೆಗಾಗಿಯಾದರೂ ಅದನ್ನು ನೋಡಬೇಕು.

ನಾಟಕದ ಕೊನೆಗೆ ಸ್ಟಾಕ್‌ಮನ್ ಹೆಂಡತಿ ಮಕ್ಕಳ ನಡುವೆ ನಿಂತು ಒಂಟಿತನವನ್ನೇ ಬಲವೆಂದು ಸಾರುತ್ತಾನೆ. ರೇ ಅವರ ಡಾಕ್ಟರರಿಗೆ ಹೊರಗಿನಿಂದ ಯುವಜನರ ಜಯಘೋಷ ಕೇಳಿಬರುತ್ತದೆ. ನಮ್ಮಲ್ಲಿ ಕೆಲವರು ಈ ಅಂತ್ಯವನ್ನು ಒಪ್ಪುತ್ತಾರೆ. ಹೃದಯ ಸೋತಿದ್ದ ಹಿರಿಯನೊಬ್ಬ ಭರವಸೆಯನ್ನು ಬಯಸಿದರೆ ತಪ್ಪೇನು ಎಂದು ವಾದಿಸುತ್ತಾರೆ. ಆ ಭರವಸೆ ಬೇಕಾಗಿದ್ದದ್ದು ಡಾಕ್ಟರರಿಗೋ, ನಿರ್ದೇಶಕರಿಗೋ ಎಂಬ ಜಗಳ ನಮ್ಮಲ್ಲಿ ಇನ್ನೂ ತೀರಿಲ್ಲ.