ಎಲೆ ಉದುರಿದ ಮೇಲೆ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟುಹೋಗುತ್ತದಲ್ಲ, ಆ ವಾರ ತುಮಕೂರಿನ ದೇವರಾಯನದುರ್ಗಕ್ಕೆ ಬನ್ನಿ. ಹುಲ್ಲು ಒಣಗಿ ಬಂಗಾರವಾಗಿದೆ, ಬಂಡೆ ಒಂಬತ್ತು ಗಂಟೆಗೇ ಕಾಯುತ್ತದೆ. 'ಈಗ ಅಲ್ಲೇನಿದೆ, ಮಳೆಗಾಲದಲ್ಲಿ ಹೋಗಿ' ಅನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ.

ಎಲೆಯೆಲ್ಲ ಉದುರಿಸಿ ನಿಂತ ಮುತ್ತುಗವನ್ನು ಹತ್ತಿರದಿಂದ ನೋಡಿದ್ದೀರಾ? ಮೊಗ್ಗಿನ ತೊಟ್ಟು ಕಪ್ಪು ಮಖಮಲ್ಲು. ಅದರಿಂದ ಗಿಣಿಮೂತಿಯಂಥ ಕೆಂಗಿತ್ತಳೆ ಹೂ ಹೊರಬರುತ್ತದೆ. ಪರಿಮಳವಿಲ್ಲ; ಹಕ್ಕಿಗಳನ್ನು ಕರೆಯಲು ಬಣ್ಣವೂ ಮಕರಂದವೂ ಸಾಕು. ಬೆಳಿಗ್ಗೆ ಏಳಕ್ಕೆ ಮರದ ಕೆಳಗೆ ನಿಂತರೆ ಮೈನಾ, ಪಿಕಳಾರ, ಸೂರಕ್ಕಿಗಳ ಜಗಳ ಕೇಳುತ್ತದೆ. ಊಟದೆಲೆ ಕೊಡುವ ಮರ ಇದೇ, ಹೋಳಿಯ ಓಕುಳಿಗೆ ಬಣ್ಣ ಕೊಡುತ್ತಿದ್ದದ್ದೂ ಇದೇ.

ಬಂಡೆಗಳ ಸಂದಿನಲ್ಲಿ ಅರಿಶಿನ ಬೂರುಗ ಸಿಕ್ಕರೆ ನಿಮ್ಮ ಪುಣ್ಯ. ಬೋಳು ಕೊಂಬೆಯ ತುದಿಯಲ್ಲಿ ಅಂಗೈಯಗಲದ ಹಳದಿ ಹೂ! ಎಲೆ ಇದ್ದರೆ ನೀರು ಆವಿಯಾಗುತ್ತದೆ, ಹೂವೂ ಮರೆಯಾಗುತ್ತದೆ. ಹಾಗಾಗಿ ಬರಿಮೈಯಲ್ಲಿ ಹೂಬಿಡುವುದು ಒಣನಾಡಿನ ಮರಗಳು ಕಂಡುಕೊಂಡ ದಾರಿ. ನನಗಂತೂ ಇದು ಮಲೆನಾಡಿನ ಹಸಿರಿಗಿಂತ ಒಂದು ತೂಕ ಹೆಚ್ಚು.

ಆದರೆ ಇದೇ ಕಾಳ್ಗಿಚ್ಚಿನ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ನೆನಪಿರಬೇಕು. ಬೆಂಕಿಯ ಭಯಕ್ಕೆ ಅರಣ್ಯ ಇಲಾಖೆ ದಾರಿ ಮುಚ್ಚಿದ್ದರೆ ವಾದ ಮಾಡದೆ ಹಿಂದಿರುಗಿ. ರಸ್ತೆ ಬದಿಯಲ್ಲೂ ಮುತ್ತುಗ ಇರುತ್ತದೆ. ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಹೂ ಬೇಕಿದ್ದರೆ ನೆಲಕ್ಕೆ ಬಿದ್ದದ್ದನ್ನು ಆಯ್ದುಕೊಳ್ಳಿ, ಕೊಂಬೆ ಮುರಿಯಬೇಡಿ.